ರಾಚಪ್ಪನವರ ಓರೆ ನಿಬ್ಬು

ಪೆನ್ನನ್ನು ಬಿಚ್ಚಿ, ಅದರ ಕತ್ತನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಬೇಕು. ನಿಬ್ಬಿಗೂ ಅದರ ಕೆಳಗೆ ಒರಗಿಕೊಂಡು ಶಾಯಿ ತಂದುಕೊಡುವ ಕಪ್ಪು ನಾಲಿಗೆಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತೋ, ಆ ಪೆನ್ನಿನ ಕಾಯಿಲೆ ಸಿಕ್ಕಿತು ಅಂತಲೇ ತಿಳಿಯಬೇಕು. ಹಳೆಯ ಪೆನ್ನುಗಳ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಸಡಿಲಿನವು. ಕ್ಯಾಪು ನಿಲ್ಲುವುದಿಲ್ಲ, ಕತ್ತು ಒಡಲನ್ನು ಕಚ್ಚುವುದಿಲ್ಲ, ನಿಬ್ಬು ಕೂತಲ್ಲಿ ಕೂರುವುದಿಲ್ಲ. ಹೊಂದಿಕೊಂಡಿದ್ದ ಎರಡು ಭಾಗಗಳು ವರ್ಷಾನುಗಟ್ಟಲೆ ತಿಕ್ಕಾಡಿ, ಸವೆದು, ಒಂದಕ್ಕೊಂದು ದೂರವಾಗಿರುತ್ತವೆ. ಆ ಬೆಳಕಿನ ಗೆರೆಯನ್ನು ಮುಚ್ಚುವುದೇ ನನ್ನ ಕಸುಬಾಗಿತ್ತು. ಅಪ್ಪ ಕಲಿಸಿದ ಕಸುಬು, ಅವನು ಕಾಲವಾದ ಮೇಲೆ ಪುಸ್ತಕದಂಗಡಿಯ ಜಗುಲಿಯ ಮೇಲಿದ್ದ ಅವನ ಕೆಲಸದ ಮಣೆಯ ಮುಂದೆ ನಾನೇ ಕೂತೆ.

ಹೆಂಗಸು ಪೆನ್ನು ರಿಪೇರಿ ಮಾಡುತ್ತಾಳಂತೆ ಎಂದು ಮೊದಮೊದಲು ಜನ ನೋಡಲಿಕ್ಕೆಂದೇ ಬರುತ್ತಿದ್ದರು. ಆಮೇಲೆ ಪೆನ್ನು ತಂದರು. ನನ್ನ ಕೈ ಚೆನ್ನಾಗಿತ್ತು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಿರುವುದು ನನ್ನ ಇನ್ನೊಂದು ಚಾಳಿಯ ಬಗ್ಗೆ. ಕ್ಯಾಪು ಬಿಗಿ ಮಾಡಿಕೊಡಿ ಎಂದು ಕೊಟ್ಟರೆ ನಾನು ಕ್ಯಾಪನ್ನಷ್ಟೇ ಬಿಗಿ ಮಾಡಿ ಸುಮ್ಮನಿರುವವಳಲ್ಲ. ನಿಬ್ಬನ್ನೂ ನೋಡಬೇಕು, ನಾಲಿಗೆಯನ್ನೂ ತೊಳೆಯಬೇಕು, ಕೇಳದಿದ್ದರೂ ಎಲ್ಲವನ್ನೂ ನೆಟ್ಟಗೆ ಮಾಡಿ, ಮಾಲೀಕರ ಮುಖ ಅರಳುವುದನ್ನು ನೋಡಿ ಒಳಗೊಳಗೇ ಬೆನ್ನು ತಟ್ಟಿಕೊಳ್ಳಬೇಕು. ಅಪ್ಪ ಇದನ್ನು ಕಂಡಿದ್ದ, ಬೈದಿದ್ದ. ಬೈಸಿಕೊಂಡದ್ದೆಲ್ಲ ಬುದ್ಧಿಯಾಗುವುದಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ರಾಚಪ್ಪನವರು ನನ್ನ ಬಳಿ ಬಂದದ್ದು ಒಂದು ಮಧ್ಯಾಹ್ನ. ಹತ್ತಿಯ ಗಿರಣಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಅರವತ್ತು ದಾಟಿದ್ದರು. ಹಣೆಯ ಮೇಲೆ ವಿಭೂತಿ, ತೋಳಿನ ಮೇಲೆ ಮಡಚಿದ ಕೊಡೆ. ಹೆಂಡತಿ ಇರಲಿಲ್ಲ, ಬಾಡಿಗೆಯ ಎರಡು ಕೋಣೆಗಳಲ್ಲಿ ತಾವೇ ಬೇಯಿಸಿಕೊಂಡು ಇದ್ದರು. ಜೇಬಿನಿಂದ ಕರವಸ್ತ್ರದ ಗಂಟು ತೆಗೆದು, ಅದನ್ನು ನಿಧಾನವಾಗಿ ಬಿಚ್ಚಿ, ಎಬೊನೈಟ್ ಎಂಬ ಕಪ್ಪು ಗಟ್ಟಿ ರಬ್ಬರಿನ ಒಂದು ದಪ್ಪ ಪೆನ್ನನ್ನು ನನ್ನ ಮುಂದಿಟ್ಟರು. ಕತ್ತಿನ ಸುತ್ತ ಜೇನುಮೇಣ ಸವರಿದ ನೂಲು ಸುತ್ತಿತ್ತು. ನಿಬ್ಬು ಅಲ್ಲಾಡದಿರಲೆಂದು ರಟ್ಟಿನ ಚೂರೊಂದನ್ನು ಕೆಳಗೆ ಬೆಣೆಯ ಹಾಗೆ ತುರುಕಿತ್ತು. ಅಷ್ಟಾದರೂ ಶಾಯಿ ಸೋರಿ ಅವರ ಮೂರು ಬೆರಳುಗಳು ನೀಲಿಯಾಗಿದ್ದವು. ಎರಡು ವರ್ಷದಿಂದ ಹೀಗೆ ನೂಲು ಕಟ್ಟಿಯೇ ನಡೆಸುತ್ತಿದ್ದೇನೆ, ಇನ್ನು ಆಗುವುದಿಲ್ಲ, ಕಳೆದ ಪತ್ರದ ಮೇಲೆ ಕಾಸಿನಗಲ ಶಾಯಿ ಬಿತ್ತು ಎಂದರು.

ಹೊಸ ಪೆನ್ನು ಕೊಳ್ಳಬಾರದೇ ಎಂದು ನಾನು ಕೇಳಲಿಲ್ಲ, ನನ್ನ ಕಸುಬಿನವರು ಆ ಮಾತನ್ನು ಕೇಳುವುದಿಲ್ಲ. ಆದರೆ ಅವರೇ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಪೆನ್ನನ್ನೇ ನೋಡುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ನೀಲಗಂಗಾ. ಇಪ್ಪತ್ತೆಂಟರ ವಯಸ್ಸಿಗೆ ಅವಳಿಗೊಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಬೇರೆ ಎಲ್ಲ ಮಾತು ಸರಿ, ಓದು ಬರಹ ಸರಿ. ಆದರೆ ತನ್ನವರು ತನ್ನವರಲ್ಲ, ಯಾರೋ ಅವರ ಹಾಗೆಯೇ ಇರುವವರನ್ನು ತಂದು ತನ್ನ ಮುಂದೆ ನಿಲ್ಲಿಸಿದ್ದಾರೆ ಎಂದು ಅವಳ ಮನಸ್ಸಿಗೆ ಹೊಕ್ಕುಬಿಟ್ಟಿತ್ತು. ಮೊದಲು ಗಂಡ ಹಾಗೆ ಕಂಡ, ಆಮೇಲೆ ತಾಯಿ. ತಾಯಿ ತೀರಿಕೊಂಡಾಗಲೂ ಅವಳು ಅಳಲಿಲ್ಲ, ಪಾಪ ಯಾರೋ ಎಂದಳಂತೆ. ದೂರದ ಊರಿನ ಆರೈಕೆಯ ಮನೆಯೊಂದರಲ್ಲಿ ಅವಳನ್ನು ಇಟ್ಟಿದ್ದರು. ರಾಚಪ್ಪನವರು ನೋಡಲು ಹೋದರೆ ಎದ್ದು ನಿಂತು ಕುರ್ಚಿ ಕೊಡುತ್ತಿದ್ದಳು, ನೀವು ಥೇಟ್ ನಮ್ಮಪ್ಪನ ಹಾಗೇ ಇದ್ದೀರಿ, ದಣಿದು ಬಂದಿದ್ದೀರಿ, ನೀರು ಕುಡಿಯಿರಿ ಎನ್ನುತ್ತಿದ್ದಳು.

ಒಂದನ್ನು ಮಾತ್ರ ಅವಳು ನಂಬುತ್ತಿದ್ದಳು. ಅದು ಅಪ್ಪನ ಕೈಬರಹ. ಪ್ರತಿ ಸೋಮವಾರ ರಾಚಪ್ಪನವರು ಒಂದು ಪತ್ರ ಹಾಕುತ್ತಿದ್ದರು. ಅದು ತಲುಪಿದ ದಿನ ಅವಳು ತಲೆ ಬಾಚಿಕೊಂಡು, ಹೊಟ್ಟೆ ತುಂಬ ಉಂಡು, ಎರಡು ಸಾಲು ಉತ್ತರ ಬರೆಯುತ್ತಿದ್ದಳು. 'ಪತ್ರ ಬಂತು. ಚೆನ್ನಾಗಿದ್ದೇನೆ.' ಏಳು ವರ್ಷದಿಂದ ಅಷ್ಟೇ. ಒಮ್ಮೆ ಈ ಪೆನ್ನು ಕೆಟ್ಟಾಗ ಬೇರೆ ಪೆನ್ನಿನಲ್ಲಿ ಬರೆದಿದ್ದರಂತೆ, ಲಕೋಟೆ ಒಡೆಯದೆಯೇ ವಾಪಸ್ಸು ಬಂತು. ಅಂದಿನಿಂದ ಈ ನೂಲು, ಈ ಮೇಣ, ಈ ರಟ್ಟಿನ ಚೂರು.

"ಮಾರಿ ಯಾರದ ಬೇಕಾದ್ರೂ ತರಬಹುದು, ಕೈ ತರಾಕ ಆಗಂಗಿಲ್ಲ ಅಂತಾಳ, ತಂಗೆವ್ವ" ಎಂದು ರಾಚಪ್ಪನವರು ತಮ್ಮ ಮುಖ ತೋರಿಸಿಕೊಂಡರು. "ನೀ ಸಡಿಲ ಅಷ್ಟ ಬಿಗಿ ಮಾಡು. ಬ್ಯಾರೆ ಏನೂ ಮುಟ್ಟಬ್ಯಾಡ."

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳುತ್ತಾರೆ? ನಾನು ಹೂಂ ಎಂದೆ. ಮನಃಪೂರ್ವಕವಾಗಿಯೇ ಎಂದೆ.

ಅವರು ಹೋದ ಮೇಲೆ ನೂಲು ಬಿಚ್ಚಿ, ರಟ್ಟಿನ ಚೂರು ತೆಗೆದು, ಕತ್ತನ್ನು ಬೆಳಕಿಗೆ ಹಿಡಿದೆ. ಗೆರೆ ಅಲ್ಲ, ಸಂದೇ ಕಂಡಿತು, ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ಅಗಲ. ಬತ್ತಿಯ ಮಸಿಯನ್ನು ನಾಲಿಗೆಗೆ ಸವರಿ ನಿಬ್ಬನ್ನು ಒತ್ತಿ ತೆಗೆದೆ. ಎಲ್ಲಿ ಮಸಿ ಹತ್ತಿದೆಯೋ ಅಲ್ಲಿ ಮಾತ್ರ ಎರಡೂ ತಾಗುತ್ತಿವೆ ಎಂದರ್ಥ. ಬಲಗಡೆಯ ಅಂಚಿನಲ್ಲಿ ಒಂದು ಚುಕ್ಕೆ ಬಿಟ್ಟರೆ ನಿಬ್ಬು ಪೂರ್ತಿ ಬೆಳ್ಳಗಿತ್ತು. ರಾಚಪ್ಪನವರು ಪೆನ್ನನ್ನು ಒಳಮುಖವಾಗಿ ವಾಲಿಸಿ, ಒತ್ತಿ ಬರೆಯುವವರು. ಆ ಒತ್ತಡಕ್ಕೆ ನಿಬ್ಬು ವರ್ಷಗಳಿಂದ ನಾಲಿಗೆಯ ಮೇಲಿಂದ ಪಕ್ಕಕ್ಕೆ ಜರುಗುತ್ತ ಬಂದಿತ್ತು. ಅದು ನಡುವೆ ಬಂದು ಕೂರದೆ ಸಡಿಲು ಹೋಗುವ ಹಾಗಿರಲಿಲ್ಲ. ಇದರಲ್ಲಿ ತಪ್ಪಿಲ್ಲ, ಈಗಲೂ ಹೇಳುತ್ತೇನೆ, ಬೇರೆ ದಾರಿಯಿರಲಿಲ್ಲ. ನಾಲಿಗೆಯನ್ನು ಬಿಸಿನೀರಿಗೆ ಹಿಡಿದು, ಮೆತ್ತಗಾದಾಗ ಹೆಬ್ಬೆರಳಿನಿಂದ ನಿಬ್ಬಿಗೆ ಒತ್ತಿ, ತಣ್ಣೀರಲ್ಲಿ ಅದ್ದಿದೆ. ಕತ್ತಿನ ತಿರುಪಿನ ಸುತ್ತುಗಳಿಗೆ ಅರಗು ತೆಳ್ಳಗೆ ಎರೆದು ಬಿಗಿ ಮಾಡಿದೆ. ಮತ್ತೆ ಬೆಳಕಿಗೆ ಹಿಡಿದೆ. ಸಂದು ಮಾಯವಾಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಶಾಯಿ ತುಂಬಿ ಬರೆದು ನೋಡಿದೆ. ಕೆರೆಯಿತು. ಭೂತಗನ್ನಡಿಯಲ್ಲಿ ನೋಡಿದರೆ ನಿಬ್ಬಿನ ತುದಿಯ ಮಣಿ ಒಂದು ಕಡೆಗೆ ಓರೆಯಾಗಿ ಸವೆದಿತ್ತು. ಇಷ್ಟೆಲ್ಲ ಮಾಡಿ ಕೆರೆಯುವ ಪೆನ್ನನ್ನು ಕೈಗಿಡುವುದೇ ಎಂದು ನನ್ನ ಚಾಳಿ ಎದ್ದು ಕೂತಿತು. ಸಾಣೆಕಲ್ಲು ತೆಗೆದೆ, ನುಣ್ಣನೆಯದು, ಮೇಲೆ ಒಂದು ಹನಿ ನೀರು. ಹತ್ತೇ ನಿಮಿಷ. ಓರೆ ಹೋಯಿತು, ಮಣಿ ದುಂಡಗಾಯಿತು, ಪೆನ್ನು ಕಾಗದದ ಮೇಲೆ ನೀರಿನ ಹಾಗೆ ಓಡಿತು. ನಾನು ಮಾಡಿದ ತಪ್ಪು ಇದು: ರಾಚಪ್ಪನವರ ಪೆನ್ನನ್ನು ನನ್ನ ಕೈಯಲ್ಲಿ ಬರೆದು ಪರೀಕ್ಷೆ ಮಾಡಿದೆ. ಕೆರೆದದ್ದು ನನ್ನ ಕೈಗೆ. ಅವರ ಕೈಯ ವಾಲಿಗೆ ಆ ಓರೆಯೇ ಸಮ, ಏಳು ವರ್ಷದ ಪತ್ರಗಳು ಆ ಓರೆಯಲ್ಲೇ ಹುಟ್ಟಿದ್ದವು. ಮಗಳ ಕತೆಯನ್ನು ಕಿವಿಯಾರೆ ಕೇಳಿದ್ದೆ, ಮುಟ್ಟಬೇಡ ಎಂದದ್ದಕ್ಕೆ ಹೂಂಗುಟ್ಟಿದ್ದೆ. ಆದರೂ ಸಾಣೆಕಲ್ಲು ಹಿಡಿದಿದ್ದ ಆ ಹತ್ತು ನಿಮಿಷ ಮಗಳು ನನ್ನ ತಲೆಯಲ್ಲಿ ಇರಲೇ ಇಲ್ಲ, ಮಣಿಯೊಂದೇ ಇತ್ತು. ಇದನ್ನು ನೆನೆದರೆ ಈಗಲೂ ಕೈ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಮಾರನೆಯ ದಿನ ಅವರು ಬಂದು ಬರೆದು ನೋಡಿದರು. ಒಂದು ಹನಿಯೂ ಸೋರಲಿಲ್ಲ. ಭಾಳ ಹಗುರ ಓಡುತ್ತದೆ ಎಂದು ಸಂತೋಷಪಟ್ಟರು. ಅಕ್ಷರ ಬದಲಾದದ್ದು ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ತಮ್ಮ ಅಕ್ಷರವನ್ನು ಯಾರು ತಾನೇ ದಿಟ್ಟಿಸಿ ನೋಡುತ್ತಾರೆ?

ಹನ್ನೊಂದನೆಯ ದಿನ ಅವರು ಮತ್ತೆ ಜಗುಲಿ ಹತ್ತಿದಾಗ ಕೈಯಲ್ಲಿ ಪೆನ್ನು ಇರಲಿಲ್ಲ, ಲಕೋಟೆ ಇತ್ತು. ಒಡೆದಿರಲಿಲ್ಲ. ಜೊತೆಗೆ ಆರೈಕೆಯ ಮನೆಯ ದಾದಿ ಬರೆದ ಕಾರ್ಡು. ನೀಲಗಂಗಾ ವಿಳಾಸದ ಅಕ್ಷರ ನೋಡಿಯೇ ಲಕೋಟೆಯನ್ನು ಹಿಂದಕ್ಕೆ ಕೊಟ್ಟಳು, ಗೋಡೆಗೆ ಮುಖ ಮಾಡಿ ಕೂತಿದ್ದಾಳೆ, ಎರಡು ದಿನದಿಂದ ಊಟ ಮುಟ್ಟಿಲ್ಲ, ಬೇಗ ಏನಾದರೂ ಮಾಡಿ ಎಂದಿತ್ತು. ರಾಚಪ್ಪನವರಿಗೆ ಏನಾಗಿದೆಯೆಂಬುದೇ ತಿಳಿದಿರಲಿಲ್ಲ. ಪೆನ್ನು ಅದೇ, ಶಾಯಿ ಅದೇ, ಕೈಯೂ ನನ್ನದೇ, ಆದರೂ ಯಾಕೆ ಹೀಗೆ ಎಂದು ನನ್ನನ್ನೇ ಕೇಳಿದರು. ಸುಳ್ಳು ಹೇಳಬಹುದಿತ್ತು. ಒಂದು ಕ್ಷಣ ಹೇಳಲು ಬಾಯಿ ತೆರೆದೂ ಇದ್ದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೊಡೆಯನ್ನು ಗೋಡೆಗೆ ಒರಗಿಸಿ, ಜಗುಲಿಯ ಮೇಲೆ ಕೂತು, ಹಾಗಿದ್ದರೆ ತಿರುಗಿ ಮೊದಲಿನಂತೆ ಮಾಡು ಎಂದರು.

ಅದು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿದ್ದನ್ನು ನೆಟ್ಟಗೆ ಮಾಡಬಹುದು, ಸಡಿಲಾದದ್ದನ್ನು ಬಿಗಿ ಮಾಡಬಹುದು, ಆದರೆ ಉಜ್ಜಿ ಹೋದ ಲೋಹ ಎಲ್ಲಿಂದ ಬರಬೇಕು? ಆದರೂ ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ನೋಡೋಣ ಅಣ್ಣಾರ ಎಂದೆ.

ಗಿರಣಿಯಲ್ಲಿ ಮೂವತ್ತು ವರ್ಷ ಕಾಗದ ಬರೆದ ಅಭ್ಯಾಸಕ್ಕೆ ಅವರು ಮಗಳಿಗೆ ಬರೆದ ಪ್ರತಿ ಪತ್ರದ ನಕಲನ್ನೂ ಅದೇ ಪೆನ್ನಿನಲ್ಲಿ ಒಂದು ವಹಿಯಲ್ಲಿ ಬರೆದಿಟ್ಟುಕೊಂಡಿದ್ದರು. ಆ ವಹಿಯನ್ನು ತಂದುಕೊಟ್ಟರು. ಭೂತಗನ್ನಡಿ ಹಿಡಿದು ನಾನು ಅವರ ಅಕ್ಷರ ಓದಿದೆ, ಅಂದರೆ ಮಾತನ್ನಲ್ಲ, ಗೆರೆಯನ್ನು. ಅಡ್ಡ ಎಳೆ ತೆಳು, ಇಳಿಯುವ ಎಳೆ ದಪ್ಪ, ತಿರುವಿನಲ್ಲಿ ಎಡ ಅಂಚು ಸ್ವಲ್ಪ ಒರಟು. ಅಪ್ಪನ ಕೈ ಎಂದು ಮಗಳು ನಂಬಿದ್ದು ಈ ಒರಟನ್ನೇ ಇರಬೇಕು. ಹೊಸ ಪತ್ರದ ಗೆರೆಯೋ, ಎಲ್ಲ ಕಡೆ ಒಂದೇ ಸಮ, ಯಾರದೂ ಅಲ್ಲದ್ದು.

ದಿನವೂ ರಾಚಪ್ಪನವರನ್ನು ಎದುರಿಗೆ ಕೂರಿಸಿಕೊಂಡು, ಅವರ ಬೆರಳುಗಳ ನಡುವೆ ಪೆನ್ನು ಎಷ್ಟು ವಾಲುತ್ತದೆ ನೋಡಿ, ಅಷ್ಟೇ ಓರೆಯನ್ನು ಉಳಿದಿದ್ದ ಚೂರು ಮಣಿಯ ಮೇಲೆ ಮೂಡಿಸಲು ಹೆಣಗಿದೆ. ನಾಲ್ಕು ಸಲ ಉಜ್ಜಿದರೆ ಒಂದು ಸಲ ಬರೆಯಿಸುವುದು. ಅವರು 'ಚಿ. ನೀಲಿಗೆ' ಎಂದು ಬರೆಯುವುದು, ನಾನು ವಹಿಯ ಪಕ್ಕ ಇಟ್ಟು ನೋಡುವುದು, ಇಲ್ಲ ಎಂದು ತಲೆಯಾಡಿಸುವುದು. ಸಂದು ಮತ್ತೆ ಬಂದಿದೆಯೇ ಎಂದು ನಡುನಡುವೆ ಕತ್ತನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಇರಲಿಲ್ಲ. ಬಿಗಿ ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಮತ್ತೆ ಎರಡು ಪತ್ರ ಹಾಕಿದೆವು, ಎರಡೂ ಒಡೆಯದೆ ಬಂದವು. ದಾದಿಯ ಕಾರ್ಡುಗಳೂ ಬಂದವು. ಒತ್ತಾಯ ಮಾಡಿ ಗಂಜಿ ಕುಡಿಸುತ್ತಿದ್ದೇವೆ ಎಂದಿತ್ತು ಒಂದರಲ್ಲಿ. ಆ ದಿನ ರಾಚಪ್ಪನವರು ಬರೆಯುತ್ತ ಬರೆಯುತ್ತ ಪೆನ್ನು ಕೆಳಗಿಟ್ಟು ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಅದನ್ನೇ ನೋಡತೊಡಗಿದರು. ನಾನು ಅವರಿಗೆ ನೀರು ತಂದುಕೊಟ್ಟೆ. ಅದರ ಹೊರತು ನನ್ನ ಕೈಲಿ ಏನೂ ಆಗುತ್ತಿರಲಿಲ್ಲ.

ನಾಲ್ಕನೆಯ ಪತ್ರಕ್ಕೆ ಅಕ್ಷರ ಕೂಡಿತು. ವಹಿಯ ಪಕ್ಕ ಇಟ್ಟರೆ ನನಗೇ ಬೇರೆ ಮಾಡಲಾಗಲಿಲ್ಲ, ಆ ಒರಟು ಅಂಚೂ ಬಂದಿತ್ತು. ಪತ್ರ ಹಾಕಿದೆವು. ವಾಪಸ್ಸು ಬರಲಿಲ್ಲ. ಹತ್ತು ದಿನ, ಹನ್ನೆರಡು ದಿನ. ದಾದಿಯ ಕಾರ್ಡು ಬಂತು: ಲಕೋಟೆ ಒಡೆದಳು, ತುಂಬ ಹೊತ್ತು ಓದಿದಳು, ಊಟ ಮಾಡಿದಳು, ಕಾಗದ ಕೇಳಿ ಇಸಿದುಕೊಂಡಿದ್ದಾಳೆ. ನಾನು ಎದುರಿನ ಅಂಗಡಿಯಿಂದ ಫೇಡೆ ತರಿಸಿದೆ. ರಾಚಪ್ಪನವರು ಎರಡು ತಿಂದರು, ನನ್ನ ತಲೆಯ ಮೇಲೆ ಕೈಯಿಟ್ಟರು. ಗೆದ್ದೆ ಎಂದುಕೊಂಡೆ, ದೇವರಾಣೆಗೂ ಹಾಗೆಯೇ ಅಂದುಕೊಂಡೆ.

ಅವಳ ಪತ್ರ ಮೂರು ದಿನ ಬಿಟ್ಟು ಬಂತು. ರಾಚಪ್ಪನವರು ಅದನ್ನು ಜಗುಲಿಯ ಮೇಲೆ ನಿಂತೇ ಓದಿದರು. ಆಮೇಲೆ ನನಗೆ ಕೊಟ್ಟರು. ಇಂದಿಗೂ ಅದು ನನಗೆ ಬಾಯಿಪಾಠ.

'ಮಾನ್ಯರೆ, ನೀವು ಯಾರೋ ನನಗೆ ತಿಳಿಯದು. ನಮ್ಮ ತಂದೆಯವರ ಕೈಯನ್ನು ಬಹಳ ಕಷ್ಟಪಟ್ಟು ಕಲಿತಿದ್ದೀರಿ. ಮೊದಲ ಮೂರು ಲಕೋಟೆಗಳಿಂದಲೇ ನನಗೆ ವಿಷಯ ಅರ್ಥವಾಗಿತ್ತು. ನಾಲ್ಕನೆಯದು ತುಂಬ ಚೆನ್ನಾಗಿ ಬಂದಿದೆ. ನನಗೆ ದುಃಖವಾಗಬಾರದೆಂದು ಇಷ್ಟು ಶ್ರಮಪಟ್ಟ ನೀವು ಒಳ್ಳೆಯವರೇ ಇರಬೇಕು. ಇನ್ನು ಮುಂದೆ ಆ ಶ್ರಮ ಬೇಡ. ಅವರು ತೀರಿಕೊಂಡದ್ದು ಯಾವ ದಿನ ಎಂದು ದಯವಿಟ್ಟು ತಿಳಿಸಿ. ಉತ್ತರಕ್ಕಾಗಿ ಕಾದಿದ್ದೇನೆ.'

ಈಗಲೇ ಹೊರಡೋಣ, ನಾನೂ ಬರುತ್ತೇನೆ, ಅವಳೆದುರಿಗೇ ಕೂತು ಬರೆದು ತೋರಿಸಿ ಎಂದು ಬಡಬಡಿಸಿದೆ. ಅದನ್ನೆಲ್ಲ ಮಾಡಿ ನೋಡಿದವರ ಹಾಗೆ ಅವರು ಕೇಳಿಸಿಕೊಂಡರು. ನನಗೆ ಅಳು ಬಂತು. ನನ್ನಿಂದ ಇದೆಲ್ಲ ಆಯಿತು ಎಂದು ಅತ್ತೆ. ಅವರು ಅಳಲಿಲ್ಲ, ಪತ್ರದ ಜೊತೆ ದಾದಿ ಇಟ್ಟಿದ್ದ ಚೀಟಿಯನ್ನು ತೆಗೆದು ಓದಿದರು. ಉಣ್ಣುತ್ತಿದ್ದಾಳೆ, ಉತ್ತರ ಯಾವಾಗ ಬರುತ್ತದೆ ಎಂದು ಈಗಿನಿಂದಲೇ ಕೇಳುತ್ತಿದ್ದಾಳೆ ಎಂದಿತ್ತು. ಉತ್ತರ ಹೋಗದಿದ್ದರೆ ಮತ್ತೆ ಗೋಡೆಗೆ ತಿರುಗುತ್ತಾಳೆ. ಬದುಕಿದ್ದೇನೆ ಎಂದು ಬರೆದರೂ ಅದೇ. ಅವಳು ನಂಬುವ ಉತ್ತರ ಒಂದೇ ಇತ್ತು, ಅವಳು ಕೇಳಿದ ತಾರೀಖು.

ರಾಚಪ್ಪನವರು ಜೇಬಿನಿಂದ ಪೆನ್ನು ತೆಗೆದು ನನ್ನ ಮಣೆಯ ಮೇಲಿಟ್ಟರು.

"ಇನ್ನ ಇದರ ಓರೆ ಬ್ಯಾಡ" ಎಂದರು. "ನೆಟ್ಟಗ ಮಾಡಿ ಕೊಡವಾ."

ನಾನು ಮಾಡಿಕೊಟ್ಟೆ. ಬೇಡ ಎನ್ನುವ ಹಕ್ಕು ನನಗೆಲ್ಲಿತ್ತು? ಅಷ್ಟು ದಿನ ಹೆಣಗಿ ಮೂಡಿಸಿದ್ದ ಓರೆಯನ್ನು ಸಾಣೆಕಲ್ಲಿನ ಮೇಲೆ ನಾನೇ ಉಜ್ಜಿ ತೆಗೆದೆ. ಅವರು ವಹಿ ತೆರೆದು, ರಿಪೇರಿಗೆ ಕೊಡುವ ಮೊದಲು ಬರೆದ ಕೊನೆಯ ಪತ್ರದ ತಾರೀಖು ಹುಡುಕಿದರು. ಅದರ ಮಾರನೆಯ ದಿನವನ್ನು ಒಂದು ಚೀಟಿಯ ಮೇಲೆ ಗುರುತು ಹಾಕಿಕೊಂಡರು. ಆ ದಿನವೇ ಏಕೆಂದು ನಾನು ಕೇಳಿದ್ದಕ್ಕೆ, "ಅದಕ್ಕಿಂತ ಮುಂಚೆ ಹಾಕಿದ್ರ ಆ ಪತ್ರನೂ ಸುಳ್ಳಾಗ್ತೈತಿ ತಂಗೆವ್ವ. ಅಲ್ಲೀತನಕ ಆಕಿ ಅಪ್ಪ ಇದ್ದ" ಎಂದರು. ಆಮೇಲೆ ನನ್ನ ಕಣ್ಣೆದುರಿಗೇ ಬರೆದರು. ನಿಮ್ಮ ತಂದೆಯವರು ಇಂಥ ದಿನ ನಿದ್ದೆಯಲ್ಲೇ ಹೋದರು, ನರಳಲಿಲ್ಲ, ಹಿಂದಿನ ದಿನ ನಿಮಗೊಂದು ಪತ್ರ ಹಾಕಿ ಬಂದಿದ್ದರು. ಕೊನೆಗೆ ಹೆಸರು ಹಾಕದೆ, ಅವರ ಸ್ನೇಹಿತ ಎಂದಷ್ಟೇ ಬರೆದರು. ಅಕ್ಷರ ದುಂಡಗೆ, ಒಂದೇ ಸಮ ಬಿದ್ದಿತ್ತು. ಮೇಲಿನ ವಿಳಾಸವನ್ನು ನನ್ನ ಕೈಯಲ್ಲಿ ಬರೆಸಿ, ಲಕೋಟೆಯನ್ನು ತಾವೇ ಅಂಟಿಸಿದರು.

ಅವಳು ಅತ್ತಳಂತೆ. ತಾಯಿಗೆ ಅಳದವಳು ಇಡೀ ದಿನ ಅತ್ತಳು, ಮೊದಲ ಸಲ ದಾದಿಯ ಹೆಗಲ ಮೇಲೆ ತಲೆಯಿಟ್ಟಳು, ಆಮೇಲೆ ಎದ್ದು ಸ್ನಾನ ಮಾಡಿದಳು. ಮುಂದಿನ ವಾರ 'ತಂದೆಯ ಸ್ನೇಹಿತರಿಗೆ' ಅವಳ ಪತ್ರ ಬಂತು. ಎರಡು ಸಾಲಲ್ಲ, ನಾಲ್ಕು ಪುಟ. ಅದರ ಮುಂದಿನ ವಾರ ಆರು ಪುಟ. ಅಪ್ಪನಿಗೆ ಎಂದೂ ಹೇಳದ್ದನ್ನೆಲ್ಲ ಈ ಗುರುತಿಲ್ಲದವನಿಗೆ ಹೇಳುತ್ತಿದ್ದಳು. ಅಪ್ಪ ಗಿರಣಿಯಿಂದ ಬರುವಾಗ ಅಂಗಿಗೆ ಹತ್ತಿ ಅಂಟಿರುತ್ತಿತ್ತು, ನಾನು ಹೆಕ್ಕಿ ತೆಗೆಯುತ್ತಿದ್ದೆ. ಅಪ್ಪನಿಗೆ ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು, ಅದಕ್ಕೆ ನಾನು ಹೆದರುತ್ತಿದ್ದೆ. ಅಪ್ಪನಿಗೆ ನಾನು ಭಾರವಾದೆನೋ ಏನೋ, ನಿಮಗೆ ಎಂದಾದರೂ ಹಾಗೆ ಹೇಳಿದ್ದರೇ? ರಾಚಪ್ಪನವರು ಪ್ರತಿಯೊಂದಕ್ಕೂ ಉತ್ತರ ಬರೆದರು. ಇಲ್ಲ, ಒಮ್ಮೆಯೂ ಹೇಳಿರಲಿಲ್ಲ, ನಿಮ್ಮ ಹೆಸರು ಬಂದರೆ ಅವರ ಮುಖ ಬೇರೆಯೇ ಆಗುತ್ತಿತ್ತು ಎಂದು ಬರೆದರು. ಬರೆದದ್ದನ್ನು ತಂದು ನನಗೆ ಓದಿ ಹೇಳುವರು. ನೋಡಲು ಮಾತ್ರ ಅವರು ಮತ್ತೆ ಅಲ್ಲಿಗೆ ಹೋಗಲಿಲ್ಲ. ಸತ್ತವರ ಮುಖ ಹೊತ್ತುಕೊಂಡು ಹೋಗಿ ಅವಳನ್ನು ಯಾಕೆ ಅಂಜಿಸಲಿ ಎನ್ನುತ್ತಿದ್ದರು. ನನಗೆ ಸಮಾಧಾನವಾಯಿತೇ ಎಂದರೆ ಇಲ್ಲ. ಅವಳು ಚೇತರಿಸಿಕೊಂಡಷ್ಟೂ ಇವರು ಇಲ್ಲವಾಗುತ್ತಿದ್ದರು, ಅದನ್ನು ನೋಡುತ್ತ ಕೂರುವುದಷ್ಟೇ ನನ್ನ ಪಾಲಿಗಿತ್ತು.

ವರ್ಷ ತುಂಬುವ ಹೊತ್ತಿಗೆ ಅವಳೊಂದು ಕೆಲಸ ಹೇಳಿ ಬರೆದಳು. ಇಂಥ ದಿನ ತಂದೆಯವರ ಪುಣ್ಯತಿಥಿ. ನಾನಿಲ್ಲಿ ಏನೂ ಮಾಡಲಾರೆ. ನೀವು ದಯವಿಟ್ಟು ಗೋದಿಹುಗ್ಗಿ ಮಾಡಿಸಿ, ಅವರನ್ನು ಬಲ್ಲವರು ಯಾರಿಗಾದರೂ ಹೊಟ್ಟೆ ತುಂಬ ಉಣ್ಣಿಸಿ. ಹುಗ್ಗಿಗೆ ತುಪ್ಪ ಬೇಡ, ತಣ್ಣನೆಯ ಹಾಲು ಹಾಕಿ, ಅವರಿಗೆ ಹಾಗೆಯೇ ಸೇರುತ್ತಿತ್ತು.

ಆ ದಿನ ಮಧ್ಯಾಹ್ನ ರಾಚಪ್ಪನವರು ಮಡಿ ಪಂಚೆಯುಟ್ಟು, ಒಂದು ಕೈಯಲ್ಲಿ ಹುಗ್ಗಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಹಾಲಿನ ತಂಬಿಗೆ ಹಿಡಿದು ಬಂದರು. ಎಲ್ಲವನ್ನೂ ತಾವೇ ಮಾಡಿದ್ದರು. ನನಗೆ ಬಡಿಸಲು ಬಂದಿದ್ದಾರೆ ಎಂದುಕೊಂಡು ನಾನು ಮಣೆಯ ಮೇಲಿನ ಸಾಮಾನು ಸರಿಸಿ ಎರಡು ತಟ್ಟೆ ಇಟ್ಟೆ. ಅವರು ಒಂದನ್ನು ಹಿಂದಕ್ಕೆ ಕೊಟ್ಟರು. "ಅವರನ್ನ ಬಲ್ಲವರು ಉಣ್ಣಬೇಕು ಅಂತ ಬರದಾಳ. ನನಗಿಂತ ಬಲ್ಲವರು ಯಾರದಾರ?" ಎಂದು, ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತರು.

ನಾನು ಬಡಿಸಿದೆ. ಅವರು ಹುಗ್ಗಿಯ ನಡುವೆ ಬೆರಳಿನಿಂದ ಗುಳಿ ಮಾಡಿ, ತಣ್ಣನೆಯ ಹಾಲು ಸುರಿದುಕೊಂಡು, ತಲೆ ತಗ್ಗಿಸಿ ಉಣ್ಣತೊಡಗಿದರು. ಅವಸರವಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ, ನೀರು ಕುಡಿದು ಮತ್ತೆ ಉಂಡರು. ತಟ್ಟೆ ಬರಿದಾದಾಗ ಸಾಕೇ ಎಂದು ಕೇಳಿದೆ. ಹೊಟ್ಟೆ ತುಂಬ ಉಣ್ಣಿಸಿ ಅಂದಾಳ ಎಂದು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ನಾನು ಇನ್ನೊಂದು ಸೌಟು ಹಾಕಿದೆ.